ನಿಮಗಿದು ಗೊತ್ತೇ? ಕೊಳದ ತಳ ಹೀರುವ ಯಂತ್ರ

ಮಹದೇವಪುರ, ವೈಟ್‌ಫೀಲ್ಡ್ ಕಡೆ ವಿಲ್ಲಾಗಳ ಅಂಗಳದಲ್ಲಿ ತಾವರೆಕೊಳ, ಅದರಲ್ಲಿ ನಾಲ್ಕು ಕೋಯಿ ಮೀನು ಈಗ ಅಪರೂಪವೇನಲ್ಲ. ಅಂಥ ಕೊಳದ ಕೆಸರು ಹೀರಲೆಂದೇ ವ್ಯಾಕ್ಯೂಮ್ ಕ್ಲೀನರ್ ಬರುತ್ತದೆ, ಗೊತ್ತೇ? ಮನೆ ಗುಡಿಸುವ ಯಂತ್ರವನ್ನು ಮಾತ್ರ ನೀರಿಗಿಳಿಸಬೇಡಿ. ಮೋಟರ್ ಸುಡುವುದು ಹಾಗಿರಲಿ, ಕರೆಂಟ್ ಹೊಡೆದೀತು!

ಒಂದೇ ತೊಟ್ಟಿಯ ಯಂತ್ರ ತುಂಬಿದಾಗಲೆಲ್ಲ ನಿಂತು, ಕೊಚ್ಚೆ ಕಕ್ಕಿ, ಮತ್ತೆ ಹೀರುತ್ತದೆ. ಎರಡು ತೊಟ್ಟಿಯದು ನಿಲ್ಲುವುದೇ ಇಲ್ಲ.

ವ್ಯಾಕ್ಯೂಮ್ ನೀರನ್ನು ಎಳೆಯುವುದಿಲ್ಲ. ಹೊರಗಿನ ಗಾಳಿಯ ಒತ್ತಡವೇ ನೀರನ್ನು ಪೈಪಿನೊಳಗೆ ನೂಕುತ್ತದೆ. ಸಮುದ್ರಮಟ್ಟದಲ್ಲಿ ಎಂಥ ಹೀರುವ ಯಂತ್ರ ತಂದರೂ 10.3 ಮೀಟರ್ ಮೇಲಕ್ಕೆ ನೀರು ಏರದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದರಲ್ಲೂ ಒಂದು ಮೀಟರ್ ಖೋತಾ. ಈ ಲೆಕ್ಕದಲ್ಲಿ ಮಂಗಳೂರಿನವರೇ ಪುಣ್ಯವಂತರು. ಮೂರಡಿ ಕೊಳಕ್ಕೆ ಇದರಿಂದ ನಷ್ಟವೇನಿಲ್ಲ ಬಿಡಿ.

ತಳ ಕದಡಿದಾಗ ಕೊಳೆತ ಮೊಟ್ಟೆಯ ನಾತ ಬಂತೇ? ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಆದ್ದರಿಂದ ಪೊರಕೆ ಆಡಿಸಿದಂತೆ ಆಡಿಸದೆ, ನಳಿಕೆಯನ್ನು ತಳಕ್ಕೆ ತಾಗಿಸಿ ನಿಧಾನ ಸರಿಸಬೇಕು. ಪೈಪಿನಲ್ಲಿ ಮೊದಲು ಡಿಕಾಕ್ಷನ್ನಿನಂಥ ಕಪ್ಪು, ಆಮೇಲೆ ಟೀ ಬಣ್ಣ. ತಿಳಿಯಾಯಿತೆಂದರೆ ಪಕ್ಕಕ್ಕೆ ಹೋಗಿ. ಬಂದ ಕೆಸರನ್ನು ಚೆಲ್ಲುವ ಮುನ್ನ ಬಕೆಟ್ಟಿಗೊಮ್ಮೆ ಬಗ್ಗಿ ನೋಡಿ. ರೆಪ್ಪೆಗೂದಲಷ್ಟು ಗಪ್ಪಿ ಮರಿಗಳು ಮಿಸುಕುತ್ತಿದ್ದಾವು. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರೇ ಕೆರೆ, ತೊಟ್ಟಿಗಳಿಗೆ ಬಿಡುವ ಮೀನು ಅದು.

ಹಸಿರುಗಟ್ಟಿದ ನೀರು ವ್ಯಾಕ್ಯೂಮಿಗೆ ಬಗ್ಗುವುದಿಲ್ಲ. ಅದು ನೀರಲ್ಲೇ ತೇಲುವ ಪಾಚಿ.

ಹೀರಿದಷ್ಟು ನೀರು ಮತ್ತೆ ತುಂಬಬೇಕಲ್ಲ? ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ಒಂದೆರಡು ದಿನ ಡ್ರಮ್ಮಿನಲ್ಲಿ ತೆರೆದಿಟ್ಟರೆ ಹಾರಿಹೋಗುತ್ತದೆ. ನೀರಿಗೆ ತತ್ವಾರವಿದ್ದ 2024ರ ಮಾರ್ಚ್‌ನಲ್ಲಂತೂ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತ್ತು!

ಹೀರಿದ ಕೆಸರು ಕಸವಲ್ಲ, ಕರಿಬೇವಿನ ಬುಡಕ್ಕೆ ಹಾಕಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದ ಕೆರೆಗೋಡು ಇದೇ ಅಲ್ಲವೇ? ಈ ಕಡೆಗೆ ಕೆರೆಯ ನಂಟೂ ಹಳೆಯದೇ: ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿಯ 1043ರ ತಮಿಳು ಶಾಸನ ಪಟ್ಟಂದೂರು ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಕೆರೆಯ ಆರೈಕೆಗೆಂದು ಭೂಮಿ ಬಿಟ್ಟುಕೊಡುವ ಪದ್ಧತಿಗೆ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಹೆಸರೇ ಇದೆ.

ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಗೆ ಯಾವ ವ್ಯಾಕ್ಯೂಮ್ ಸಾಕಾದೀತು? ಅಲ್ಲಿ ನೀರು ಹೊರಬಿಟ್ಟು, ತಳ ಒಣಗಿಸಿ, ಹಿಟಾಚಿ ಇಳಿಸಿ, ಹೂಳನ್ನು ಲಾರಿಗೆ ತುಂಬಿದರು.