ಅಟ್ಟದ ಮೇಲಿನ ಹಾಡಿನ ತಟ್ಟೆಗಳು

ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದು ಈ ಸೀಮೆಯ ಶಾಲೆಯ ಮಕ್ಕಳಿಗೂ ಗೊತ್ತು. 1915ರಲ್ಲಿ ಅದನ್ನು ಬೆಳಕಿಗೆ ತಂದವರು ನಿಜಾಮರ ಸೇವೆಯಲ್ಲಿದ್ದ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರರು. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದು ಕರೆಸಿಕೊಂಡ ಅರಸನು ಅಶೋಕನೇ ಎಂಬುದನ್ನು ಮಸ್ಕಿಯ ಬಂಡೆ ಹೆಸರು ಹಿಡಿದು ಹೇಳಿತು. ಚಿನ್ನದ ಕೆಲಸದವರ ಕಣ್ಣಿಗೆ ಚಿನ್ನಕ್ಕೂ ಮಿಗಿಲಾದುದು ಬಿದ್ದಿತು. ಅಕ್ಷರಗಳು ಅದಕ್ಕೂ ಮೊದಲು ಶತಮಾನಗಳಿಂದ ಅಲ್ಲಿಯೇ ಇದ್ದವು; ಅವುಗಳ ಮೌಲ್ಯವನ್ನು ಅರಿಯುವ ಕಣ್ಣು ಮಾತ್ರ ಇರಲಿಲ್ಲ.

ಕೆಲವು ತಿಂಗಳ ಹಿಂದೆ ಲಿಂಗಸುಗೂರಿನ ಸದ್ಭಕ್ತರೊಬ್ಬರ ಮನೆಗೆ ಹೋದಾಗ ಈ ಮಾತು ನೆನಪಾಯಿತು. ಹಿರಿಯರು ಕಟ್ಟಿಸಿದ ಮನೆಯನ್ನು ತೆಗೆದು ಹೊಸದನ್ನು ಕಟ್ಟುವ ಸಿದ್ಧತೆ ನಡೆದಿತ್ತು. ಅಟ್ಟದಿಂದ ಇಳಿಸಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ ನಾಲ್ಕು ಡಜನ್‌ನಷ್ಟು ಗ್ರಾಮಾಫೋನ್ ತಟ್ಟೆಗಳು. ಜೋಳದ ಚೀಲಗಳ ಕೆಳಗೆ ಅಡ್ಡಡ್ಡ ಮಲಗಿಸಿಟ್ಟಿದ್ದರಿಂದ ಅರ್ಧದಷ್ಟು ಒಡೆದುಹೋಗಿದ್ದವು. ಮನೆಯ ಮೊಮ್ಮಗ ಮೊಬೈಲು ಹಿಡಿದುಕೊಂಡು ಕೇಳಿದ: “ಗುರುಗಳ, ಇವಕ್ಕ ಲಕ್ಷಗಟ್ಟಲೆ ರೊಕ್ಕ ಬರ್ತದಂತ, ಖರೇನಾ?” ಗುಜರಿಯವನು ಆಗಲೇ ಬಾಗಿಲಲ್ಲಿ ನಿಂತಿದ್ದ. ಒಬ್ಬನ ಕಣ್ಣಿಗೆ ಲಕ್ಷ, ಇನ್ನೊಬ್ಬನ ಕಣ್ಣಿಗೆ ತೂಕದ ಲೆಕ್ಕ. ಇವೆರಡರ ನಡುವೆ ಸತ್ಯವೆಲ್ಲಿದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುವನ್ನು ಅರಿಯೋಣ. ನಮ್ಮ ಹಿರಿಯರ ಮನೆಗಳಲ್ಲಿ ಸಿಗುವ ಭಾರವಾದ, ಬೇಗ ಒಡೆಯುವ ಕಪ್ಪು ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುವಂಥವು. ಅವು ಅರಗು, ಕಲ್ಲಿನ ಪುಡಿ ಹಾಗೂ ಕಾಡಿಗೆಯ ಮಿಶ್ರಣದಿಂದ ಆದವು. ಒಂದು ಮಗ್ಗುಲಿಗೆ ಮೂರು ನಿಮಿಷಗಳ ಆಸುಪಾಸಿನ ಹಾಡು. ಕೀಲಿ ಕೊಟ್ಟು ತಿರುಗಿಸುವ ಯಂತ್ರಕ್ಕೆ ವಿದ್ಯುತ್ತು ಬೇಕಿರಲಿಲ್ಲ. ಆದುದರಿಂದಲೇ ದೀಪದ ತಂತಿ ಬರುವ ಮೊದಲೇ ಹಳ್ಳಿಗಳಿಗೂ ಹಾಡು ಬಂದಿತು. 1948ರಲ್ಲಿ ಅಮೆರಿಕದಲ್ಲಿ ವಿನೈಲ್‌ನಿಂದ ಮಾಡಿದ, ನಿಮಿಷಕ್ಕೆ 33⅓ ಸುತ್ತಿನ ದೀರ್ಘ ತಟ್ಟೆ, ಅಂದರೆ ಎಲ್.ಪಿ., ಹುಟ್ಟಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಹಾಡಲು ಎಡೆ ದೊರೆತುದರಿಂದ ರಾಗವಿಸ್ತಾರಕ್ಕೆ ಉಸಿರಾಡಲು ಸ್ಥಳ ಸಿಕ್ಕಿತು.

ಈ ವಿದ್ಯೆ ಭಾರತಕ್ಕೆ ಬಂದ ಕಥೆಯ ಕೊನೆಯ ಅಧ್ಯಾಯ ನಮ್ಮ ನಾಡಿನಲ್ಲೇ ಮುಗಿಯಿತೆಂಬುದು ಅನೇಕರಿಗೆ ತಿಳಿಯದು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಳ್ಳಲಾಯಿತು. ತಟ್ಟೆಗಳು ಸಿದ್ಧವಾಗಬೇಕಾದುದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಗುರುತು ಸಿಗಲೆಂದು ಆಕೆ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅಪಾರ ಸಂಪತ್ತನ್ನು ಕಂಡ ಆ ಕಲಾವಿದೆ ಬಾಳಿನ ಸಂಜೆಯಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಕಣ್ಮುಚ್ಚಿದಳು. ಸಂಪತ್ತು ಕರಗಿತು, ತಟ್ಟೆಯಲ್ಲಿ ನುಡಿದ ಹೆಸರು ಉಳಿಯಿತು.

ಹಾಗಾದರೆ ಬೆಲೆ ಯಾವುದರಿಂದ ನಿರ್ಣಯವಾಗುತ್ತದೆ? ಹಳೆಯದಾದ ಮಾತ್ರಕ್ಕೆ ಯಾವುದೂ ಅಮೂಲ್ಯವಾಗದು. ಲಿಂಗಸುಗೂರು ತಾಲೂಕಿನ ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರನ್ನು ಅರೆದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ತಟ್ಟೆಗಳ ರಾಶಿಯೂ ಹಾಗೆಯೇ. ಬೀಳಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಅಮೀರಬಾಯಿ ಕರ್ನಾಟಕಿಯವರು 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದ ಗೀತೆಗಳು ದೇಶವೆಲ್ಲ ಮೊಳಗಿದವು. ಅಂಥ ಜನಪ್ರಿಯ ಗೀತೆಗಳ ತಟ್ಟೆಗಳು ಹೇರಳವಾಗಿ ಅಚ್ಚಾದುದರಿಂದ, ಇಂಪು ಎಷ್ಟೇ ಇದ್ದರೂ, ಸಂಗ್ರಾಹಕರು ಅವಕ್ಕೆ ದೊಡ್ಡ ಬೆಲೆ ಕೊಡುವುದಿಲ್ಲ. ಕಡಿಮೆ ಪ್ರತಿಗಳು ಅಚ್ಚಾದ, ಮತ್ತೆ ಮುದ್ರಣವಾಗದ, ಗೀರಿಲ್ಲದ, ಹೊದಿಕೆ ಮತ್ತು ಚೀಟಿ ಕೆಡದ ತಟ್ಟೆಗಳಿಗೆ ಬೆಲೆ ಹೆಚ್ಚು. ನಾಯಿ ಮಾರ್ಕಿನ ಚೀಟಿ ಇದ್ದ ಮಾತ್ರಕ್ಕೆ ಲಕ್ಷ ಬಾರದು.

ಇತ್ತೀಚೆಗೆ ವಿನೈಲ್ ತಟ್ಟೆಗಳಿಗೆ ಜಗತ್ತಿನಾದ್ಯಂತ ಮತ್ತೆ ಬೇಡಿಕೆ ಬಂದಿರುವುದು ನಿಜ. 2022ರಲ್ಲಿ ಅಮೆರಿಕದಲ್ಲಿ ಅವು ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು. 1987ರ ನಂತರ ಹೀಗಾದುದು ಅದೇ ಮೊದಲು. ಆದರೆ ಪೇಟೆಯ ಬೆಲೆ ಏರುತ್ತದೆ, ಇಳಿಯುತ್ತದೆ. ಏರಿಳಿಯದ ಮೌಲ್ಯವೊಂದು ಬೇರೆಯೇ ಇದೆ.

1930ರ ದಶಕದ ಆರಂಭದಲ್ಲಿ ಹುಬ್ಬಳ್ಳಿಯ ತರುಣಿಯೊಬ್ಬರ ಹಾಡುಗಳು ಎಚ್.ಎಂ.ವಿ. ತಟ್ಟೆಗಳಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಅವರೇ ಗಂಗೂಬಾಯಿ ಹಾನಗಲ್. ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ಕಂಠ ಗಂಡುದನಿಯಂತೆ ಗಂಭೀರವಾಯಿತು. ನಾವೆಲ್ಲ ಕೇಳಿದ್ದು ಆ ಕಂಠವನ್ನೇ. ಎಳೆಯ ವಯಸ್ಸಿನ ಆ ಸಪೂರ ದನಿಯನ್ನು ನಮಗಿಂದು ಕೇಳಿಸುವುದು ಆ ಅರಗಿನ ತಟ್ಟೆಗಳೇ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಠುಮರಿಯ ತಟ್ಟೆಯೊಂದನ್ನು ಕೇಳಿಯೇ ಗದುಗಿನ ಬಾಲಕ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟರು. ಆ ತಟ್ಟೆಯ ಬೆಲೆಯನ್ನು ಯಾವ ವರ್ತಕನು ಕಟ್ಟಬಲ್ಲನು?

ನಮ್ಮ ಮಲ್ಲಿಕಾರ್ಜುನ ಮನಸೂರರ ವಿಷಯವೂ ಇಂಥದೇ. ಅವರು ನೀಲಕಂಠ ಬುವಾ ಮಿರಜಕರರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಬಳಿಕ ಮಂಜಿ ಖಾನ್, ಭೂರ್ಜಿ ಖಾನರಲ್ಲಿ ಜಯಪುರ-ಅತ್ರೌಲಿ ಗಾಯಕಿಯನ್ನು ಸಾಧಿಸಿದರು. 1930ರ ದಶಕದ ಅವರ ಪುಟ್ಟ ತಟ್ಟೆಗಳನ್ನೂ ಮುಪ್ಪಿನ ಕಾಲದ ದೀರ್ಘ ಮುದ್ರಣಗಳನ್ನೂ ಜೊತೆಗಿಟ್ಟು ಕೇಳಿದರೆ ಒಬ್ಬ ಸಾಧಕನು ಏರಿದ ಮೆಟ್ಟಿಲುಗಳೆಲ್ಲ ಕಿವಿಗೆ ಗೋಚರಿಸುತ್ತವೆ. ಶರಣರ ವಚನಗಳನ್ನು ರಾಗದಲ್ಲಿ ತುಂಬಿಕೊಟ್ಟ ಆ ಕಂಠ 1992ರ ಸೆಪ್ಟೆಂಬರ್ 12ರಂದು ಮೌನವಾಯಿತು. ವಚನಗಾಯನದಿಂದ ಪ್ರಸಿದ್ಧರಾದ ಸಿದ್ಧರಾಮ ಜಂಬಲದಿನ್ನಿಯವರು ನಮ್ಮ ರಾಯಚೂರು ಜಿಲ್ಲೆಯವರೇ. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರಿದೆ. ಇಂಥವರ ದನಿ ತಟ್ಟೆಯಲ್ಲಿರಲಿ, ಟೇಪಿನಲ್ಲಿರಲಿ, ಅದು ನಮ್ಮ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕುವ ಹಕ್ಕು ನಮಗಿದೆಯೇ?

ಇಲ್ಲಿ ಫ.ಗು. ಹಳಕಟ್ಟಿಯವರನ್ನು ಸ್ಮರಿಸದೆ ಇರಲಾಗದು. ವಚನಗಳ ಓಲೆಗರಿಯ ಕಟ್ಟುಗಳು ಮನೆಮನೆಯಲ್ಲಿ ಇದ್ದವು. ಕೆಲವೆಡೆ ಪೂಜೆಗೆ, ಕೆಲವೆಡೆ ಗೆದ್ದಲಿಗೆ. ಅವರು ಊರೂರು ಅಲೆದು ಅವನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಅಂದು ಆ ಕಟ್ಟುಗಳನ್ನು ಒಲೆಗೆ ಹಾಕಿದ್ದರೆ ಇಂದು ನಾವು ಓದುವುದೇನಿತ್ತು? ಓಲೆಗರಿ ನುಡಿಯನ್ನು ಕಾಯ್ದಿತು; ತಟ್ಟೆ ದನಿಯನ್ನು ಕಾಯ್ದಿದೆ.

ತುಂಗಭದ್ರೆಯ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಭಾಗದಲ್ಲಿ ಭತ್ತ ಬೆಳೆದಂತೆ ಹೊಸ ಮನೆಗಳೂ ಎದ್ದಿವೆ. ಹಳೆಯ ಮನೆ ತೆಗೆಯುವವರು ಮುಂದಿನ ಮಾತುಗಳನ್ನು ಮನಸ್ಸಿನಲ್ಲಿಡಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಹೇರದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ನಮ್ಮ ಬೇಸಿಗೆಯ ಬಿಸಿಲಿಗೆ ವಿನೈಲ್ ಬಾಗುತ್ತದೆ. ಪತ್ರಾಸಿನ ಮಾಡಿನ ಕೆಳಗಿಡಬಾರದು. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದಿಗೂ ಒರೆಸಬಾರದು. ಅರಗು ಅದರಲ್ಲಿ ಕರಗುತ್ತದೆ. ಮೆತ್ತನೆಯ ಬಟ್ಟೆ ಸಾಕು. ಎಲ್.ಪಿ.ಯ ಮುಳ್ಳಿನಿಂದ 78ರ ತಟ್ಟೆಯನ್ನು ನುಡಿಸಬಾರದು. ಚೀಟಿಯ ಮೇಲಿನ ಹೆಸರು, ರಾಗ, ಕ್ರಮಸಂಖ್ಯೆ, ಚೀಟಿಯ ಬದಿಗೆ ಕೊರೆದ ಅಂಕಿ ಇಷ್ಟನ್ನೂ ಒಂದು ವಹಿಯಲ್ಲಿ ಬರೆದಿಡಬೇಕು. ಮುದ್ರಣದ ಕಾಲವನ್ನು ಪತ್ತೆಹಚ್ಚಲು ತಜ್ಞರಿಗೆ ಅವೇ ಆಧಾರ. ಬಲ್ಲವರಿಂದ ಕಂಪ್ಯೂಟರಿಗೆ ಪ್ರತಿ ಮಾಡಿಸಿದ ಬಳಿಕವೇ ಮಾರುವ ಮಾತು.

ಆ ದಿನ ಲಿಂಗಸುಗೂರಿನಲ್ಲಿ ನಮ್ಮ ಮಾತುಗಳನ್ನೆಲ್ಲ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ಮನೆಯ ಹಿರಿಯ ತಾಯಿ ಕೊನೆಗೆ ಒಂದೇ ಮಾತು ಕೇಳಿದರು: “ರೊಕ್ಕದ ಮಾತು ಇರಲಿ ತಮ್ಮಾ, ಅವನ್ನ ಹಚ್ಚೋ ಮಷೀನು ಎಲ್ಲರ ಸಿಗತದೇನು? ನಮ್ಮ ಮಾವನೋರು ದಿನಾ ಸಂಜಿಗೆ ಹಚ್ಚತಿದ್ರು.” ಮೊಮ್ಮಗ ಮೊಬೈಲನ್ನು ಕೆಳಗಿಟ್ಟ. ಗುಜರಿಯವನನ್ನು ಬರಿಗೈಯಲ್ಲಿ ಕಳಿಸಲಾಯಿತು. ಒಡೆಯದೆ ಉಳಿದ ತಟ್ಟೆಗಳ ಹೆಸರುಗಳನ್ನು ಆ ಹುಡುಗನೇ ವಹಿಯಲ್ಲಿ ಬರೆಯತೊಡಗಿದ್ದಾನೆ. ಯಂತ್ರವನ್ನು ಹುಡುಕುವ ಕೆಲಸ ಇನ್ನೂ ನಡೆದಿದೆ.