ಜ್ವಾಲಾಮುಖಿ ಎಂದರೇನು? ಅದರಿಂದ ಜನ ಪಾರಾಗುವುದು ಹೇಗೆ?



ಮಕ್ಕಳ ಪಾಠಪುಸ್ತಕದಲ್ಲಿ ಬೆಂಕಿ ಉಗುಳುವ ಬೆಟ್ಟದ ಚಿತ್ರವನ್ನು ನೀವೆಲ್ಲ ನೋಡಿರಬಹುದು. "ಅಮ್ಮಾ, ಬೆಟ್ಟದೊಳಗೆ ಬೆಂಕಿ ಹಚ್ಚಿದವರು ಯಾರು?" ಅಂತ ಮಗು ಕೇಳಿದರೆ ಏನು ಹೇಳುವುದು? ಈ ಸಲ ಅದನ್ನೇ ತಿಳಿದುಕೊಳ್ಳೋಣ. ಜೊತೆಗೆ ಎರಡು ದೇಶಗಳಲ್ಲಿ ನಡೆದ ಎರಡು ಘಟನೆಗಳನ್ನೂ ಹೇಳುತ್ತೇವೆ. ಒಂದರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಒಂದೇ ರಾತ್ರಿಯಲ್ಲಿ ಸತ್ತರು. ಇನ್ನೊಂದರಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಸ್ಫೋಟವಾದರೂ ಸಾವಿರಾರು ಜನ ಉಳಿದುಕೊಂಡರು. ಹೀಗೇಕಾಯಿತು?

ಬೆಟ್ಟದೊಳಗೆ ಏನಾಗುತ್ತದೆ?

ಭೂಮಿಯ ಒಳಗೆ ಆಳಕ್ಕೆ ಹೋದಷ್ಟೂ ಕಾವು ಹೆಚ್ಚು. ಕೆಲವು ಕಡೆ ಅಲ್ಲಿನ ಕಲ್ಲೇ ಕರಗುತ್ತದೆ. ಕರಗಿದ ಈ ಕಲ್ಲಿಗೆ ಶಿಲಾರಸ ಎನ್ನುತ್ತಾರೆ. ಸುತ್ತಲಿನ ಗಟ್ಟಿ ಕಲ್ಲಿಗಿಂತ ಇದು ಹಗುರ. ಆದ್ದರಿಂದ ಬಿರುಕು ಸಿಕ್ಕಲ್ಲಿ ಮೇಲೇರುತ್ತದೆ. ನೆಲದಿಂದ ಹೊರಗೆ ಬಂದ ಶಿಲಾರಸವೇ ಲಾವಾ. ಅದರ ಕಾವು ಸುಮಾರು 700ರಿಂದ 1,200 ಡಿಗ್ರಿ ಸೆಲ್ಸಿಯಸ್. ಒಲೆಯ ಮೇಲೆ ಕುದಿಯುವ ನೀರಿನದು ಬರೀ 100 ಡಿಗ್ರಿ.

ಶಿಲಾರಸದಲ್ಲಿ ನೀರಿನಾವಿ ಮತ್ತು ಬೇರೆ ಅನಿಲಗಳು ಕರಗಿ ಸೇರಿಕೊಂಡಿರುತ್ತವೆ. ಸೋಡಾ ಬಾಟಲಿ ನೆನಪು ಮಾಡಿಕೊಳ್ಳಿ. ಮುಚ್ಚಳ ಇರುವಾಗ ಸುಮ್ಮನಿರುತ್ತದೆ, ಕುಲುಕಿ ತೆಗೆದರೆ ಬುಸ್ಸೆಂದು ಉಕ್ಕುತ್ತದೆ. ಶಿಲಾರಸ ಗಂಜಿತಿಳಿಯ ಹಾಗೆ ತೆಳ್ಳಗಿದ್ದರೆ ಅನಿಲ ಸಲೀಸಾಗಿ ಹೊರಟುಹೋಗಿ, ಲಾವಾ ಹರಿಯುತ್ತದೆ. ಹವಾಯಿ ದ್ವೀಪಗಳಲ್ಲಿ ಹೆಚ್ಚಾಗಿ ಹೀಗೆಯೇ. ಅಲ್ಲಿ ಮನೆ, ರಸ್ತೆ ಸುಟ್ಟುಹೋಗುತ್ತವೆ, ಆದರೆ ಜನ ಸಾಮಾನ್ಯವಾಗಿ ನಡೆದೇ ಪಾರಾಗಬಹುದು. ಶಿಲಾರಸ ಕಲಸಿದ ಹಿಟ್ಟಿನ ಹಾಗೆ ಅಂಟಂಟಾಗಿದ್ದರೆ ಅನಿಲ ಒಳಗೇ ಸಿಕ್ಕಿಬೀಳುತ್ತದೆ. ಒತ್ತಡ ಏರಿ ಏರಿ, ಆವಿ ಹೋಗುವ ದಾರಿ ಕಟ್ಟಿಕೊಂಡ ಕುಕ್ಕರಿನಂತೆ ಒಂದು ದಿನ ಸಿಡಿಯುತ್ತದೆ.

ಅಪಾಯ ಯಾವುದರಿಂದ?

ಲಾವಾ ಒಂದೇ ಅಪಾಯ ಅಂತ ನಾವು ತಿಳಿದಿರುತ್ತೇವೆ. ಆದರೆ ಹೆಚ್ಚು ಜೀವ ತೆಗೆಯುವುದು ಬೇರೆಯವು.

1. ಬಿಸಿ ಮೋಡ: ಕಾದ ಬೂದಿ, ಕಲ್ಲು, ಅನಿಲ ಒಟ್ಟಾಗಿ ಬೆಟ್ಟದ ಇಳಿಜಾರಿನಲ್ಲಿ ಬಸ್ಸು ಕಾರಿಗಿಂತ ವೇಗವಾಗಿ ನುಗ್ಗುತ್ತವೆ. ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. 1902ರ ಮೇ 8ರಂದು ಮಾರ್ಟಿನಿಕ್ ದ್ವೀಪದ ಸೇಂಟ್ ಪಿಯರ್ ಪಟ್ಟಣದಲ್ಲಿ ಸುಮಾರು 28,000 ಜನ ಇದರಿಂದ ಕೆಲವೇ ನಿಮಿಷಗಳಲ್ಲಿ ಸತ್ತರು.

2. ಬೂದಿ: ಇದು ನಮ್ಮ ಒಲೆಯ ಬೂದಿಯಲ್ಲ. ಪುಡಿಯಾದ ಕಲ್ಲು ಮತ್ತು ಗಾಜಿನ ಚೂರು. ಕಣ್ಣು ಉರಿಯುತ್ತದೆ, ಉಸಿರು ಕಟ್ಟುತ್ತದೆ, ಬೆಳೆ ಮುಚ್ಚಿಹೋಗುತ್ತದೆ, ಮೇವು ಕೆಟ್ಟು ದನಕರು ಸಾಯುತ್ತವೆ. ಮಳೆ ಬಿದ್ದರೆ ಒದ್ದೆ ಸಿಮೆಂಟಿನಂತೆ ಭಾರವಾಗಿ ಮನೆಯ ಮಾಡು ಕುಸಿಯುತ್ತದೆ.

3. ಕೆಸರಿನ ಪ್ರವಾಹ: ಮಳೆನೀರು ಅಥವಾ ಕರಗಿದ ಹಿಮ ಬೂದಿಯೊಂದಿಗೆ ಸೇರಿ, ಬಂಡೆ ಮರಗಳನ್ನು ಎಳೆದುಕೊಂಡು ಹೊಳೆಯ ಪಾತ್ರದಲ್ಲಿ ಇಳಿಯುತ್ತದೆ. ಬೆಟ್ಟ ಕಣ್ಣಿಗೇ ಕಾಣದಷ್ಟು ದೂರದ ಊರನ್ನೂ ಇದು ಮುಳುಗಿಸಬಲ್ಲದು.

ಆರ್ಮೇರೋ: ಎಚ್ಚರಿಕೆ ಮನೆಬಾಗಿಲಿಗೆ ಬರಲಿಲ್ಲ

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ನೆವಾದೋ ದೆಲ್ ರೂಯಿಸ್ ಎಂಬ ಹಿಮ ಮುಚ್ಚಿದ ಎತ್ತರದ ಪರ್ವತವಿದೆ. ಅದರಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಆರ್ಮೇರೋ ಪಟ್ಟಣವಿತ್ತು. ಫಲವತ್ತಾದ ಮಣ್ಣು, ಹತ್ತಿ, ಭತ್ತದ ಬೆಳೆ, ಸುಮಾರು 29,000 ಜನ. 1845ರಲ್ಲಿ ಅದೇ ಜಾಗಕ್ಕೆ ಕೆಸರು ಬಂದು ಸುಮಾರು ಸಾವಿರ ಜನ ಸತ್ತಿದ್ದರು. ಆ ಕೆಸರು ಒಣಗಿದ ನೆಲದ ಮೇಲೇ ಮುಂದೆ ಪಟ್ಟಣ ಬೆಳೆಯಿತು. ಹಳೆಯದನ್ನು ನೆನಪಿಟ್ಟುಕೊಂಡವರು ಕಡಿಮೆ.

1984ರ ಕೊನೆಯಿಂದಲೇ ಬೆಟ್ಟ ನಡುಗತೊಡಗಿತ್ತು. 1985ರ ಅಕ್ಟೋಬರಿನಲ್ಲಿ ವಿಜ್ಞಾನಿಗಳು ಅಪಾಯದ ನಕ್ಷೆ ಮಾಡಿದರು. ಆರ್ಮೇರೋ ಅಪಾಯದ ಜಾಗದಲ್ಲಿದೆ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಆದರೆ ಊರು ಖಾಲಿ ಮಾಡಿಸುವ ತೀರ್ಮಾನವಾಗಲಿಲ್ಲ. ಜನರನ್ನು ಸ್ಥಳಾಂತರಿಸಿ ಕೊನೆಗೆ ಏನೂ ಆಗದಿದ್ದರೆ ನಷ್ಟ ಯಾರ ತಲೆಗೆ ಎಂಬ ಅಂಜಿಕೆಯೂ ಇತ್ತು.

ನವೆಂಬರ್ 13ರ ಮಧ್ಯಾಹ್ನ ಊರಿಗೆ ಬೂದಿ ಬಿತ್ತು. ಗಾಬರಿಯಾಗಬೇಡಿ, ಮನೆಯೊಳಗೇ ಇರಿ ಎಂದು ಸ್ಥಳೀಯ ರೇಡಿಯೋದಲ್ಲೂ ಚರ್ಚಿನ ಧ್ವನಿವರ್ಧಕದಲ್ಲೂ ಹೇಳಿದರು. ಹೇಳಿದವರ ಮನಸ್ಸು ಒಳ್ಳೆಯದೇ, ಮಾಹಿತಿ ಮಾತ್ರ ತಪ್ಪು. ರಾತ್ರಿ 9 ಗಂಟೆ ಕಳೆದು ಬೆಟ್ಟ ಸಿಡಿಯಿತು. ಸ್ಫೋಟ ಅಷ್ಟೇನೂ ದೊಡ್ಡದಲ್ಲ. ಆದರೆ ಕಾದ ಬೂದಿ ಹಿಮವನ್ನು ಕರಗಿಸಿತು. ಕೆಸರು ಆರ್ಮೇರೋ ಮುಟ್ಟಿದ್ದು ರಾತ್ರಿ 11.30ರ ಸುಮಾರಿಗೆ. ನಡುವೆ ಎರಡು ಗಂಟೆಗೂ ಹೆಚ್ಚು ಸಮಯವಿತ್ತು. ಎತ್ತರದ ಜಾಗ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು. ಮಕ್ಕಳನ್ನು ಎತ್ತಿಕೊಂಡು ಹೊರಟಿದ್ದರೂ ತಲುಪಬಹುದಿತ್ತು. ಹೊರಡಿ ಅಂತ ಸಮಯಕ್ಕೆ ಸರಿಯಾಗಿ ಹೇಳುವವರಿರಲಿಲ್ಲ. ಒಟ್ಟು ಸುಮಾರು 23,000 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಆರ್ಮೇರೋದವರೇ.

ಪಿನಾಟುಬೊ: ಹೇಳಿದವರೂ ಇದ್ದರು, ಕೇಳಿದವರೂ ಇದ್ದರು

ಫಿಲಿಪ್ಪೀನ್ಸ್ ದೇಶದ ಪಿನಾಟುಬೊ ಬೆಟ್ಟ ಸುಮಾರು 500 ವರ್ಷ ಸುಮ್ಮನಿತ್ತು. ಅದರ ಕಾಡಿನಲ್ಲಿ ಆಯೆಟಾ ಎಂಬ ಬುಡಕಟ್ಟು ಜನ ವಾಸವಾಗಿದ್ದರು. 1991ರ ಏಪ್ರಿಲ್ 2ರಂದು ಬೆಟ್ಟದ ಬದಿಯಲ್ಲಿ ಹಬೆ ಸಿಡಿಯಿತು. ಆಯೆಟಾ ಜನರ ಜೊತೆ ಕೆಲಸ ಮಾಡುತ್ತಿದ್ದ ಸಿಸ್ಟರ್ ಒಬ್ಬರು ಅವರೊಂದಿಗೆ ಸರ್ಕಾರದ ಜ್ವಾಲಾಮುಖಿ ಸಂಸ್ಥೆಗೆ ಹೋಗಿ ಸುದ್ದಿ ಮುಟ್ಟಿಸಿದರು. "ಕಾಡಿನ ಜನ ಏನೋ ಹೇಳುತ್ತಾರೆ" ಅಂತ ಅಲ್ಲಿ ಯಾರೂ ತಳ್ಳಿಹಾಕಲಿಲ್ಲ. ಕೂಡಲೇ ಉಪಕರಣಗಳನ್ನು ಇಟ್ಟು ನೆಲದ ನಡುಕವನ್ನು ಅಳೆಯತೊಡಗಿದರು.

ಆದರೂ ಬಹಳ ಜನ ನಂಬಲಿಲ್ಲ. ಆಗ ಸಹಾಯಕ್ಕೆ ಬಂದದ್ದು ಒಂದು ವಿಡಿಯೋ. ಆರ್ಮೇರೋ ದುರಂತ ಕಂಡು ನೊಂದಿದ್ದ ಫ್ರಾನ್ಸಿನ ಮೋರಿಸ್ ಮತ್ತು ಕಾತ್ಯಾ ಕ್ರಾಫ್ಟ್ ದಂಪತಿ ಬಿಸಿ ಮೋಡ, ಕೆಸರಿನ ಪ್ರವಾಹ ಹೇಗಿರುತ್ತವೆ ಎಂದು ತೋರಿಸುವ ಚಿತ್ರ ಮಾಡಿದ್ದರು. ಅದನ್ನು ಅಧಿಕಾರಿಗಳಿಗೂ ಜನರಿಗೂ ತೋರಿಸಿದರು. ಕಣ್ಣಾರೆ ಕಂಡ ಮೇಲೆ ಜನ ಒಪ್ಪಿಕೊಂಡರು. 1ರಿಂದ 5ರವರೆಗೆ ಅಂಕೆ ಕೊಟ್ಟು ಎಚ್ಚರಿಕೆ ಹೇಳಿದ್ದರಿಂದ ಎಲ್ಲರಿಗೂ ಅರ್ಥವಾಯಿತು. ಹತ್ತಾರು ಸಾವಿರ ಜನರನ್ನು ಮೊದಲೇ ಸಾಗಿಸಿದರು. ದುಃಖದ ಸಂಗತಿಯೆಂದರೆ, ಜೂನ್ 3ರಂದು ಜಪಾನಿನ ಉನ್ಜೆನ್ ಬೆಟ್ಟದ ಬಿಸಿ ಮೋಡಕ್ಕೆ ಸಿಕ್ಕಿ ಕ್ರಾಫ್ಟ್ ದಂಪತಿ ತೀರಿಕೊಂಡರು. ಅವರ ಚಿತ್ರ ಎಷ್ಟು ಜೀವ ಉಳಿಸಿತೆಂದು ನೋಡಲು ಅವರೇ ಇರಲಿಲ್ಲ.

ಜೂನ್ 15ರಂದು ಪಿನಾಟುಬೊ ಸಿಡಿಯಿತು. ಅದು 20ನೇ ಶತಮಾನದ ಎರಡನೇ ಅತಿ ದೊಡ್ಡ ಸ್ಫೋಟ. ಮೊದಲೇ ಸ್ಥಳಾಂತರಿಸಿದ್ದರಿಂದ ಕನಿಷ್ಠ 5,000 ಜೀವ ಉಳಿಯಿತೆಂದು ವಿಜ್ಞಾನಿಗಳ ಅಂದಾಜು. ಆದರೂ ಎಲ್ಲರೂ ಉಳಿಯಲಿಲ್ಲ. ಅದೇ ದಿನ ಚಂಡಮಾರುತದ ಮಳೆ ಬಂದು, ಒದ್ದೆ ಬೂದಿಯ ಭಾರಕ್ಕೆ ಮಾಡು ಕುಸಿದು ಸುಮಾರು 300 ಜನ ಸತ್ತರು. ಆಮೇಲೆ ನಿರಾಶ್ರಿತರ ಶಿಬಿರಗಳಲ್ಲಿ ದಡಾರ, ನ್ಯುಮೋನಿಯಾ, ಭೇದಿ ಹರಡಿತು. ಅದರಲ್ಲಿ ತೀರಿಕೊಂಡವರಲ್ಲಿ ಆಯೆಟಾ ಮಕ್ಕಳೇ ಹೆಚ್ಚು. ಮೊದಲು ಸುದ್ದಿ ಕೊಟ್ಟ ಜನರ ಮಕ್ಕಳೇ ಶಿಬಿರದಲ್ಲಿ ಹೋದವು. ಬೆಟ್ಟದಿಂದ ಪಾರಾದರೆ ಸಾಲದು, ಶಿಬಿರದಲ್ಲಿ ಶುದ್ಧ ನೀರು, ಶೌಚಾಲಯ, ಲಸಿಕೆ ಬೇಕೇ ಬೇಕು ಅಂತ ಇದರಿಂದ ತಿಳಿಯುತ್ತದೆ.

ನಮ್ಮ ನೆಲದಲ್ಲಿ?

ಗಾಬರಿ ಬೇಡ, ಕರ್ನಾಟಕದಲ್ಲಿ ಈಗ ಸಿಡಿಯುವ ಜ್ವಾಲಾಮುಖಿ ಇಲ್ಲ. ಆದರೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ಸವೆದು ಆದ ಎರೆಮಣ್ಣಿನಲ್ಲೇ ಇಂದು ಹತ್ತಿ, ಜೋಳ ಬೆಳೆಯುತ್ತಾರೆ. ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳೂ ಇನ್ನೂ ಹಳೆಯ ಲಾವಾ ತಣಿದು ಆದವು. ನಮ್ಮ ದೇಶದಲ್ಲಿ ಈಗಲೂ ಸಕ್ರಿಯವಾಗಿರುವುದು ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ. ಅಲ್ಲಿ ಜನವಸತಿ ಇಲ್ಲ.

ನಮಗಿರುವ ಅಪಾಯ ಮಳೆಗಾಲದ ಗುಡ್ಡ ಕುಸಿತ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಏನಾಯಿತೆಂದು ನಾವು ಕಂಡಿದ್ದೇವೆ. ಅದಕ್ಕೆ ಕಾರಣ ಬೇರೆ, ಆದರೆ ಕೆಸರು ಬರುವ ರೀತಿ ಒಂದೇ. ಆರ್ಮೇರೋದ ಪಾಠ ನಮಗೂ ಸಲ್ಲುತ್ತದೆ. ಊರಿನ ಹಿರಿಯರಿಗೆ ನೆನಪಿರುವ ಹಳೆಯ ಅನಾಹುತವನ್ನು ಕೇಳಿ ತಿಳಿದುಕೊಳ್ಳಬೇಕು. ಗುಡ್ಡದಲ್ಲಿ ಹೊಸ ಬಿರುಕು ಕಂಡವರು, ಅವರು ಯಾರೇ ಆಗಿರಲಿ, ಹೇಳಿದ್ದನ್ನು ಪಂಚಾಯ್ತಿಗೆ ಮುಟ್ಟಿಸಬೇಕು. ಹೊರಡಿ ಅಂದಾಗ ಪಾತ್ರೆಪಗಡಿ ನೋಡದೆ ಹೊರಡಬೇಕು. ಏನೂ ಆಗದೆ ಮನೆಗೆ ವಾಪಸ್ ಬಂದರೆ ಅದು ನಷ್ಟವಲ್ಲ, ನೆಮ್ಮದಿ.

ಮುಂದಿನ ಸಭೆಯಲ್ಲಿ ಚರ್ಚಿಸಿ:
- ನಮ್ಮ ಊರಿನಲ್ಲಿ ನೆರೆ, ಕುಸಿತದ ಅಪಾಯವಿರುವ ಮನೆಗಳು ಯಾವುವು?
- ರಾತ್ರಿ ಹೊತ್ತು ಆ ಮನೆಗಳಿಗೆ ಸುದ್ದಿ ಮುಟ್ಟಿಸುವವರು ಯಾರು?
- ವಯಸ್ಸಾದವರು, ಬಾಣಂತಿಯರು, ಅಂಗವಿಕಲರನ್ನು ಕರೆತರುವ ಜವಾಬ್ದಾರಿ ಯಾರದು?