ಕಥೆ ಹೇಳುವ ಸರದಿ ಮಗುವಿನದು

ಎರಡೂವರೆ ವರ್ಷದ ಮಗುವಿನ ಮುಂದೆ ಚಿತ್ರಪುಸ್ತಕ ತೆರೆದಿದೆ ಎಂದುಕೊಳ್ಳಿ. ವಾಕ್ ಚಿಕಿತ್ಸೆ ಕಲಿಯುತ್ತಿರುವ ವಿದ್ಯಾರ್ಥಿನಿ ಸೊಗಸಾಗಿ ಕಥೆ ಓದುತ್ತಾಳೆ. ಮಗು ಕಣ್ಣರಳಿಸಿ ಕೇಳುತ್ತದೆ. ಓದು ಮುಗಿದಾಗ ಮಗು ಆಡಿದ ಮಾತೆಷ್ಟು? ಒಂದೂ ಇಲ್ಲ! ಮಾತು ಕಲಿಯಬೇಕಾದದ್ದು ಮಗು, ಮಾತಾಡಿದ್ದು ಕಲಿಸುವವಳು.

ಇದಕ್ಕೆ ಬೇರೆ ದಾರಿ ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು. 1988ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 21ರಿಂದ 35 ತಿಂಗಳ ಮಕ್ಕಳಿದ್ದರು. ಒಂದು ಗುಂಪಿನ ಪೋಷಕರಿಗೆ ಪ್ರಶ್ನೆ ಕೇಳುತ್ತ ಓದುವ ಕ್ರಮವನ್ನು ಕಲಿಸಲಾಯಿತು. ಇನ್ನೊಂದು ಗುಂಪಿನವರು ಎಂದಿನಂತೆ ಓದಿದರು. ಒಂದೇ ತಿಂಗಳಲ್ಲಿ ಮೊದಲ ಗುಂಪಿನ ಮಕ್ಕಳು ಮಾತಿನ ಪರೀಕ್ಷೆಗಳಲ್ಲಿ ಮುಂದೆ ಬಂದರು. ಒಂಬತ್ತು ತಿಂಗಳ ನಂತರ ಅಂತರ ತಗ್ಗಿದ್ದರೂ ಅಳಿದಿರಲಿಲ್ಲ. ಅವರೆಲ್ಲ ಸಹಜವಾಗಿ ಬೆಳೆಯುತ್ತಿದ್ದ ಮಕ್ಕಳು. ಮುಂದೆ, ಮಾತು ತಡವಾದ ಮಕ್ಕಳಿಗೂ ಈ ಕ್ರಮ ಬಳಕೆಗೆ ಬಂತು.

ಕ್ರಮದಲ್ಲಿ ನಾಲ್ಕೇ ಹೆಜ್ಜೆ. ಚಿತ್ರ ತೋರಿಸಿ ‘ಇದೇನು?’ ಎಂದು ಕೇಳುವುದು. ಮಗು ‘ನಾಯಿ’ ಎಂದರೆ, ‘ಹೌದು’ ಎಂದು ಒಪ್ಪುವುದು. ‘ಕೆಸರಲ್ಲಿ ಬಿದ್ದ ನಾಯಿ’ ಎಂದು ಮಾತನ್ನು ಬೆಳೆಸುವುದು. ಬೆಳೆದ ಮಾತನ್ನು ಮಗುವಿನಿಂದಲೇ ಹೇಳಿಸುವುದು. ಚಿತ್ರ ಪರಿಚಯವಾದ ಮೇಲೆ ‘ಯಾಕೆ ಬಿತ್ತು?’, ‘ನೀನೂ ಬಿದ್ದಿದ್ದೆಯಾ?’ ಎಂಬ ಪ್ರಶ್ನೆಗಳು. ಬರಬರುತ್ತ ಮಗುವೇ ಕಥೆ ಹೇಳತೊಡಗುತ್ತದೆ.

ಹೇಳುವುದು ಸುಲಭ, ಮಾಡುವುದು ಕಷ್ಟ. ಹೊಸಬರು ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ. ಇಂಥ ತರಬೇತಿಯಲ್ಲಿ ವಿದ್ಯಾರ್ಥಿಯ ಓದನ್ನು ವಿಡಿಯೊದಲ್ಲಿ ಸೆರೆಹಿಡಿದು ಅವರಿಗೇ ತೋರಿಸುವುದುಂಟು. ‘ಹೌದು’, ‘ಇಲ್ಲ’ ಎಂದರೆ ಮುಗಿಯುವ ಪ್ರಶ್ನೆಗಳೆಷ್ಟು? ಮಗುವಿಗೆ ಕಾದದ್ದು ಎಷ್ಟು ಸೆಕೆಂಡು? ಲೆಕ್ಕ ಹಾಕಿದಾಗ ತಪ್ಪು ತಾನಾಗಿ ಕಾಣುತ್ತದೆ. ಕಲಿಯಬೇಕಾದ ಮುಖ್ಯ ಪಾಠವೆಂದರೆ ಸುಮ್ಮನೆ ಕಾಯುವುದು. ಆಮೇಲೆ ಇದನ್ನೇ ತಾಯಿಗೂ ಕಲಿಸಬೇಕು. ಮಗು ಚಿಕಿತ್ಸಕರ ಬಳಿ ಇರುವುದು ಸ್ವಲ್ಪ ಹೊತ್ತು, ಮನೆಯಲ್ಲಿ ದಿನವಿಡೀ!

ಪಿಯುಸಿ ವಿಜ್ಞಾನ ಓದಿದವರಿಗೆ ವಾಕ್ ಶ್ರವಣ ವಿಷಯದಲ್ಲಿ ಪದವಿ ವ್ಯಾಸಂಗವಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇಂಥ ತಜ್ಞರನ್ನು ರೂಪಿಸುತ್ತಿದೆ. ತಾಳ್ಮೆಯುಳ್ಳ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ದಾರಿ.

ಪೋಷಕರು ಮಾತ್ರ ಪದವಿಗೆ ಕಾಯಬೇಕಿಲ್ಲ. ದುಬಾರಿ ಪುಸ್ತಕವೂ ಬೇಡ. ಕನ್ನಡವೋ ತುಳುವೋ ಉರ್ದುವೋ, ಮನೆಮಾತಿನಲ್ಲೇ ಕೇಳಿ. ಎರಡು ವರ್ಷವಾದರೂ ಮಗು ‘ಅಮ್ಮ ಬಾ’ ಎಂಬಂತೆ ಎರಡು ಪದ ಕೂಡಿಸದಿದ್ದರೆ ‘ನಿಧಾನವಾಗಿ ಬರುತ್ತದೆ ಬಿಡಿ’ ಎಂದು ಕೂರದೆ, ಮೊದಲು ಶ್ರವಣ ಪರೀಕ್ಷೆ ಮಾಡಿಸಿ, ವಾಕ್ ಚಿಕಿತ್ಸಕರನ್ನು ಕಾಣಿ. ಇಂದು ರಾತ್ರಿ ಕಥೆ ಓದುವಾಗ ಒಂದು ಪ್ರಶ್ನೆ ಕೇಳಿ, ಐದು ಎಣಿಸುವವರೆಗೆ ಬಾಯಿ ಮುಚ್ಚಿ ಕಾದು ನೋಡಿ.